ಎಡಗಾಲಿ ಸಿಡಿಯಿತು, ಬಲಗಾಲಿ ಉಳಿದಿದೆ

ಬೆಳ್ಮಣ್, ಕಾರ್ಕಳ ತಾಲೂಕು
೯ ಜುಲೈ ೨೦೨೪, ಮಂಗಳವಾರ ಮಧ್ಯಾಹ್ನ

ಕುವೈತಿನ ನರ್ಸುಗಳ ಕ್ವಾರ್ಟರ್ಸಿನಲ್ಲಿ ಮಂಚದ ಮೇಲೆ, ಕುರ್ಚಿಯ ಮೇಲೆ, ಜಾಗ ಸಿಗದೆ ಬಾಗಿಲಿಗೆ ಒರಗಿ ನೆರೆದಿರುವ ಮಹಾಸಭಿಕರೇ! ಊರಿನ ಕಾಗದ ಬಂದರೆ ನನ್ನ ತಂಗಿ ಅದನ್ನು ನಿಮಗೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಾಳೆಂದು ನನಗೆ ಗೊತ್ತು. ಚಹಾದ ಲೋಟ ಕೆಳಗಿಡಿ. ಪರದೆ ಏಳುತ್ತಿದೆ. ಇವತ್ತಿನ ನಾಟಕದಲ್ಲಿ ಹಾಡಿಲ್ಲ, ಹಾಸ್ಯ ಕಡಿಮೆ, ರಕ್ತ ಮಾತ್ರ ಧಾರಾಳವಾಗಿ ಉಂಟು.

ಪ್ರೀತಿಯ ತಂಗಿ ಭವ್ಯಶ್ರೀ,

ಹೇಗಿದ್ದೀ? ರಾತ್ರಿ ಪಾಳಿ ಮುಗಿಯಿತೇ? ಸೊಂಟದ ನೋವಿಗೆ ಅಮ್ಮ ಕಳಿಸಿದ ಎಣ್ಣೆ ಹಚ್ಚುತ್ತಿದ್ದೀಯೋ ಅಥವಾ ಕಪಾಟಿನಲ್ಲಿಟ್ಟು ಪೂಜೆ ಮಾಡುತ್ತಿದ್ದೀಯೋ? ಅಮ್ಮ ಚೆನ್ನಾಗಿದ್ದಾರೆ. ನನಗೆ ಎಡಹೆಗಲು ಎತ್ತಲಾಗುವುದಿಲ್ಲ, ಉಳಿದಂತೆ ಆರೋಗ್ಯ. ಹೆಗಲಿನ ಕಥೆಯೂ ಬರುತ್ತದೆ. ಫೋನು ಮಾಡಬಹುದಿತ್ತಲ್ಲ ಎಂದು ಕೇಳಬೇಡ. ಮೂವತ್ತು ವರ್ಷ ನಾಟಕದಲ್ಲಿ ಮೈಕಿಲ್ಲದೆ ಹಿಂದಿನ ಸಾಲಿಗೆ ಕೇಳಿಸುವಂತೆ ಕೂಗಿದ ಗಂಟಲು ಇದು. ಇದರಲ್ಲಿ ಗುಟ್ಟು ಹೇಳಿದರೆ ಪಕ್ಕದ ಕೋಣೆಯಲ್ಲಿರುವ ನಿನ್ನ ಗಂಡನಿಗೆ ಮೊದಲು ಕೇಳುತ್ತದೆ. ಅದಕ್ಕೇ ಕಾಗದ. ಟಯರ್ ಅಂಗಡಿಯ ಲೊರ್ನಾಳ ತಮ್ಮ ಡ್ಯಾರಿಲ್ ಇವತ್ತು ಸಂಜೆ ಕುವೈತಿಗೆ ಹೊರಟಿದ್ದಾನೆ, ಅವನೇ ಕೈಗೆ ಕೊಡುತ್ತಾನೆ.

ನಿನ್ನ ಗಂಡ ರೋಹಿತ್ ಭಾವ ಒಂದು ತಿಂಗಳಿನಿಂದ ನಿನಗೆ ಬರೀ ಮೆಸೇಜು ಹಾಕುತ್ತಿದ್ದಾನಲ್ಲ, ಫೋನಿನ ಮೈಕು ಹಾಳಾಗಿದೆ, ಕ್ಯಾಮರಾ ಸರಿಯಿಲ್ಲ ಎಂದು? ಸುಳ್ಳು ತಂಗೀ, ಶುದ್ಧ ಸುಳ್ಳು! ಹಾಳಾದದ್ದು ಫೋನಲ್ಲ, ಅವನ ದವಡೆ. ಹೆದರಬೇಡ, ಜೀವಕ್ಕೆ ಅಪಾಯವಿಲ್ಲ. ಮಣಿಪಾಲದಲ್ಲಿ ತಂತಿ ಬಿಗಿದಿದ್ದಾರೆ. ಗಂಜಿ ಕುಡಿಯುತ್ತಾನೆ. ಹಲ್ಲು ಕಚ್ಚಿಕೊಂಡೇ ಮಾತಾಡುತ್ತಾನೆ, ಥೇಟು ನಮ್ಮ ನಾಟಕದ ಖಳನಾಯಕ. ಅವನನ್ನು ಹೊಡೆದವನು ಮನುಷ್ಯನಲ್ಲ. ನಮ್ಮ ಸಣ್ಣ ಟ್ರ್ಯಾಕ್ಟರಿನ ಎಡಗಾಲಿ.

ಆ ಟ್ರ್ಯಾಕ್ಟರು ಕೆಸರಿನಲ್ಲಿ ನಿಂತಲ್ಲೇ ಚಕ್ರ ತಿರುಗಿಸುತ್ತಿತ್ತು, ತೂಕ ಸಾಲದು. ಹಿಂದಿನ ಟಯರುಗಳಿಗೆ ನೀರು ತುಂಬಿಸಿದರೆ ಹಿಡಿತ ಬರುತ್ತದೆ, ಎಲ್ಲರೂ ಮಾಡುವ ಕೆಲಸ. ಆದರೆ ನಿನ್ನ ಗಂಡ ಎರ್ಮಾಳಿನ ಮೀನುಗಾರರ ಮಗನಲ್ಲವೇ? ಅಂಗಳದಲ್ಲಿ ಬಾವಿ ತುಂಬಿ ನಿಂತಿರುವಾಗ, ಹೋದ ವರ್ಷ ಎರ್ಮಾಳಿಗೆ ಹೋಗಿ ಕ್ಯಾನುಗಟ್ಟಲೆ ಕಡಲ ನೀರು ತಂದು ತುಂಬಿಸಿದ! ನಾನು ಬೇಡವೆಂದೆ. “ಉಪ್ಪುನೀರಿಗೆ ತೂಕ ಜಾಸ್ತಿ ಭಾವ. ನೀರು ಇರುವುದು ಟ್ಯೂಬಿನ ಒಳಗೆ, ರಿಮ್ಮಿಗೆ ಎಂತ ಆಗ್ತದೆ? ನೀವು ಡೈಲಾಗು ನೋಡಿಕೊಳ್ಳಿ” ಎಂದ. ಟ್ಯೂಬು ಗಟ್ಟಿಯಿರುವಷ್ಟು ದಿನ ಅವನ ಮಾತು ನಿಜ. ಆದರೆ ಎಲ್ಲೋ ಒಂದು ಮೊಳೆ ಚುಚ್ಚಿತು. ಉಪ್ಪುನೀರು ಟ್ಯೂಬಿನಿಂದ ಹನಿಹನಿಯಾಗಿ ಜಿನುಗಿ, ಟಯರಿನ ಒಳಗೇ ಅಡಗಿ ಕುಳಿತು, ಮಳೆಗಾಲದಿಂದ ಮಳೆಗಾಲದವರೆಗೆ ರಿಮ್ಮನ್ನು ತಿಂದಿತು. ಇವನು ಬಿಚ್ಚಿ ನೋಡಲಿಲ್ಲ. ಕಡಿಮೆಯಾದಷ್ಟು ಗಾಳಿ ಹೊಡೆಯುತ್ತಾ ಬಂದ.

ಕಳೆದ ತಿಂಗಳು ವಾಲ್ವಿನ ಬುಡದಿಂದ ಕೆಂಪು ನೀರು ಇಳಿಯುವುದನ್ನು ಕಂಡು ಲೊರ್ನಾಳ ಅಂಗಡಿಗೆ ತಂದ. ನಾನೂ ಇದ್ದೆ. ಲೊರ್ನಾ ಒಮ್ಮೆ ನೋಡಿದವಳೇ, “ಎಂತ ಮಾರಾಯ್ರೆ ರೋಹಿತಣ್ಣ, ಒಳಗೆ ಬಂಗುಡೆ ಮೀನು ಸಾಕಿದ್ದೀರಾ? ಬಿಚ್ಚದೆ ಇದಕ್ಕೆ ಗಾಳಿ ಹಾಕಬೇಡಿ” ಎಂದು ಜಾಕು ತರಲು ಒಳಗೆ ಹೋದಳು. ಇವನಿಗೆ ಅವಸರ. ತಾನೇ ಪೈಪು ಎತ್ತಿಕೊಂಡು ಗಾಳಿ ಬಿಟ್ಟ. ಜಾತ್ರೆಯಲ್ಲಿ ಗರ್ನಾಲು ಪಟಾಕಿ ಸಿಡಿದಂತೆ ಸದ್ದು! ತುಕ್ಕು ತಿಂದ ರಿಮ್ಮಿನ ಅಂಚು ಮುರಿದು ಹಾರಿತು. ಕೆಂಪು ನೀರು ಅಂಗಡಿಯ ಮಾಡಿಗೆ ಎಗರಿತು. ಬಸ್ಸು ಕಾಯುತ್ತಿದ್ದವರೆಲ್ಲ ನೆಲಕ್ಕೆ ಮಲಗಿಬಿಟ್ಟರು. ನಿನ್ನ ಗಂಡ ಬೆನ್ನ ಮೇಲೆ ಬಿದ್ದಿದ್ದ, ಬಾಯಿಂದ ಉಕ್ಕುವ ರಕ್ತದಲ್ಲಿ ಹಲ್ಲುಗಳು. ನಾಟಕದಲ್ಲಿ ನೂರು ಜನರನ್ನು ಕೊಂದವನು ನಾನು. ಅವತ್ತು ನನ್ನ ಲುಂಗಿ ಹರಿದು ಅವನ ಗಲ್ಲಕ್ಕೆ ಕಟ್ಟಲು ನನ್ನಿಂದ ಆಗಲಿಲ್ಲ, ಲೊರ್ನಾಳೇ ಕಟ್ಟಿದಳು.

ಎಡಗಾಲಿಗೆ ಈಗ ಹೊಸ ರಿಮ್ಮು, ಹೊಸ ಟ್ಯೂಬು. ಲೊರ್ನಾ ವಾಲ್ವನ್ನು ಮೇಲಕ್ಕೆ ನಿಲ್ಲಿಸಿ, ಮುಕ್ಕಾಲು ಭಾಗ ಬಾವಿಯ ಸಿಹಿನೀರು ಹಾಕಿ, ಉಳಿದದ್ದಕ್ಕೆ ಗಾಳಿ ತುಂಬಿಸಿ ಕೊಟ್ಟಳು. ಚಳಿದೇಶದವರು ನೀರಿಗೆ ಬೆರೆಸುವ ಮದ್ದು ಬೇಡ, ನಮ್ಮ ಊರಲ್ಲಿ ನೀರು ಹೆಪ್ಪುಗಟ್ಟುವುದುಂಟೇ? ಟ್ಯೂಬು ಸೋರಿದರೆ ಅವತ್ತೇ ಬಿಚ್ಚಿ ರಿಮ್ಮು ತೊಳೆದು ಒರೆಸಿ ಬಣ್ಣ ಹೊಡೆಯಬೇಕು, ಅಷ್ಟೆ. ಆದರೆ ಬಲಗಾಲಿ? ಅದೇ ಕಡಲು, ಅದೇ ಉಪ್ಪು, ಅದೇ ಹಳೆಯ ರಿಮ್ಮು! ಅದರ ವಾಲ್ವಿನ ಬುಡವೂ ಈಗ ಕೆಂಪಗಾಗಿದೆ. ಮುಟ್ಟಲು ಬಿಡುವುದಿಲ್ಲ ನಿನ್ನ ಗಂಡ.

ನಿನ್ನೆ ಗದ್ದೆಯ ಬದುವಿನಲ್ಲಿ ನಾನು ಟ್ರ್ಯಾಕ್ಟರಿನ ಕೀಲಿ ಕಿತ್ತುಕೊಂಡೆ. ಅವನು ಮಣ್ಣು ಅಗೆಯುವ ಪಿಕ್ಕಾಸು ಎತ್ತಿದ. ಅದರ ಹಿಡಿ ನನ್ನ ಹೆಗಲಿಗೆ ಬಿತ್ತು, ಕಣ್ಣು ಕತ್ತಲೆ ಬಂತು. ನಾನೂ ಬಿಡಲಿಲ್ಲ. ದವಡೆ ಮುರಿದವನೆಂಬುದನ್ನೂ ಮರೆತು ಕೆಸರಿಗೆ ಕೆಡವಿ, ಎದೆಯ ಮೇಲೆ ಕುಳಿತು ಕುತ್ತಿಗೆ ಹಿಡಿದೆ. “ಸಾಯಬೇಕಾ ನಿನಗೆ? ನಾನೇ ಕೊಲ್ತೇನೆ, ಆ ಚಕ್ರ ಯಾಕೆ?” ಎಂದು ನಾನು ಗರ್ಜಿಸಿದ್ದು ಆಚೆಯ ಎಲ್ಲೂರು ಗ್ರಾಮಕ್ಕೂ ಕೇಳಿರಬೇಕು. ಆಗ ಅವನು ತಂತಿ ಕಟ್ಟಿದ ಹಲ್ಲುಗಳ ನಡುವಿನಿಂದ ಹೇಳಿದ: “ಕೊಲ್ಲಿ ಭಾವ. ಹೆಂಡತಿಯ ಮನೆಗೆ ಬರಿಗೈಯಲ್ಲಿ ಬಂದವ ಅಂತ ಊರಿಡೀ ಹೇಳ್ತದೆ. ನನ್ನ ಮನೆಯಿಂದ ನಾನು ತಂದದ್ದು ಆ ನೀರು ಒಂದೇ.”

ನನ್ನ ಕೈ ಸಡಿಲವಾಯಿತು ತಂಗೀ. ಅವನು ಎದ್ದು ಕೀಲಿ ತೆಗೆದುಕೊಂಡು ಹೋದ. ನಾಳೆ ಏಳಕ್ಕೆ ಅದೇ ಟ್ರ್ಯಾಕ್ಟರು ಹತ್ತಿ ಕೆಳಗಿನ ಗದ್ದೆ ಹೂಡುತ್ತಾನಂತೆ.

ಸಭಿಕರಿಗೆಲ್ಲ ನನ್ನ ವಂದನೆ. ನಿನಗೆ ಅಮ್ಮನ ಆಶೀರ್ವಾದ. ಸರಿಯಾಗಿ ಉಣ್ಣು, ಅಳಬೇಡ.

ಇತಿ ನಿನ್ನ ಅಣ್ಣ,
ಭೋಜ

ವಿ.ಸೂ.: ಡ್ಯಾರಿಲ್ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಹೇಳುತ್ತೇನೆ. ಇದನ್ನು ನೀನು ಒಬ್ಬಳೇ ಓದು. ನಾಳೆ ಅವನು ಫೋನು ಮಾಡಿ, ನಿನ್ನ ಅಣ್ಣ ಕಳ್ಳ, ಕಟುಕ ಎಂದರೆ ಹೌದು ಅನ್ನು, ನನ್ನ ಪರ ಮಾತಾಡಬೇಡ. ನಿಮ್ಮ ಮನೆಯಿಂದ ನಮಗೆ ಬಂದದ್ದು ಆ ನೀರಲ್ಲ, ನೀವು ಎಂದು ಮಾತ್ರ ಹೇಳು. ನಾನು ಹೇಳಿದರೆ ಅದು ಡೈಲಾಗು ಆಗುತ್ತದೆ. ನಾಳೆ ಬೆಳಿಗ್ಗೆ ಅವನು ಏಳುವ ಮೊದಲೇ ಲೊರ್ನಾ ಬರುತ್ತಾಳೆ. ಟ್ರ್ಯಾಕ್ಟರಿಗೆ ಜಾಕು ಕೊಟ್ಟು, ಪಕ್ಕಕ್ಕೆ ಸರಿದು ನಿಂತು, ಬಲಗಾಲಿಯ ವಾಲ್ವು ಬಿಚ್ಚುತ್ತೇನೆ. ಪಿಕ್ಕಾಸು ಹಿಡಿದು ಬಂದರೆ ಬರಲಿ, ಕೊನೆಯ ಹನಿ ಇಳಿಯುವವರೆಗೆ ಅಲ್ಲಿಂದ ಕದಲುವುದಿಲ್ಲ.