ಇಬ್ಬರೂ ಎತ್ತಿಡದ ಸಂಖ್ಯೆ

ಅಕ್ಕಾ,

ಹೋದ ಭಾನುವಾರ ಮಧ್ಯಾಹ್ನ ಮಾರೇನಹಳ್ಳಿಯ ನಿಮ್ಮ ಮನೆಗೆ ಹೋಗಿ ನಿನ್ನ ಲ್ಯಾಪ್‌ಟಾಪ್ ತೆಗೆದೆ. ನೀನು ಹೋಗಿ ಎಂಟು ತಿಂಗಳಾದರೂ ಭಾವ ಅದನ್ನು ಮುಟ್ಟಿರಲಿಲ್ಲ. ನಿನ್ನ ಪಾಲಿಟೆಕ್ನಿಕ್ ಮಕ್ಕಳಿಗೆಂದು ನಾವಿಬ್ಬರೂ ಬರೆಯುತ್ತಿದ್ದ ವರ್ಚುಯಲ್ ಮೆಷೀನು, ಕಂಪ್ಯೂಟರಿನೊಳಗಿನ ಆ ಸುಳ್ಳು ಕಂಪ್ಯೂಟರು, ಹಾಗೇ ಇತ್ತು. ಓಡಿಸಿದೆ. ನಿನ್ನ ಪ್ರೋಗ್ರಾಂ ನಡುವೆ ಕರೆಯುವ ಸಣ್ಣ ಪ್ರೋಗ್ರಾಂ, ಅಂದರೆ ನಾನು ಬರೆದ ಸಬ್‌ರುಟೀನು, ಕೆಲಸ ಮುಗಿಸಿ ನಿನ್ನ ಪ್ರೋಗ್ರಾಮಿಗೆ ಮರಳಿದ ಕೂಡಲೇ ಪರದೆಯ ಮೇಲೆ ‘ಬಂದ್ಯಾ?’ ಎಂದು ಮೂಡಿತು. ಮಕ್ಕಳನ್ನು ನಗಿಸಲು ನೀನೇ ಬರೆದಿಟ್ಟ ಸಾಲು.

ಅಡುಗೆಮನೆಯ ಕಟ್ಟೆಗೆ ಒರಗಿಕೊಂಡು ನನಗೆ ಪಾಠ ಮಾಡಿದ್ದೆ, ನೆನಪಿದೆಯಾ? ಒಲೆಯ ಮೇಲೆ ಹಾಲಿಟ್ಟು ಬಾಗಿಲು ತೆಗೆಯಲು ಹೋಗುವವಳು ಉರಿ ಸಣ್ಣ ಮಾಡಿ ಹೋಗಬೇಕು ಎಂದಿದ್ದೆ. ಒಂದು ಪ್ರೋಗ್ರಾಂ ಇನ್ನೊಂದನ್ನು ಕರೆಯುವಾಗಲೂ ಅಷ್ಟೇ. ಎಲ್ಲಿದ್ದೆ, ಕೈಯಲ್ಲಿ ಯಾವ ಸಂಖ್ಯೆಗಳಿದ್ದವು ಎನ್ನುವುದನ್ನೆಲ್ಲ ಸ್ಟ್ಯಾಕ್ ಎಂಬ ನೆನಪಿನ ಅಟ್ಟದಲ್ಲಿ ಎತ್ತಿಟ್ಟಿರಬೇಕು, ಮರಳಿದ ಮೇಲೆ ಅಲ್ಲಿಂದಲೇ ಮುಂದುವರಿಯಬೇಕು. ನಮ್ಮದು ಮರಳುವ ಜಾಗಕ್ಕೆ ಸರಿಯಾಗಿಯೇ ಬರುತ್ತಿತ್ತು, ಎಣಿಸುತ್ತಿದ್ದ ಸಂಖ್ಯೆ ಮಾತ್ರ ಪ್ರತಿ ಸಲವೂ ಕೆಟ್ಟಿರುತ್ತಿತ್ತು. ಅದಕ್ಕಾಗಿ ಎಷ್ಟು ಜಗಳವಾಡಿದೆವು! ನೀನು ನನ್ನನ್ನು ಸೋಮಾರಿ ಅಂದೆ, ನಾನು ನಿನ್ನನ್ನು ಟೀಚರಮ್ಮ ಅಂದೆ.

ಭಾನುವಾರ ತಪ್ಪು ಸಿಕ್ಕಿತು. ಕರೆಯುವ ಮೊದಲು ನೀನೇ ಆ ಸಂಖ್ಯೆಯನ್ನು ಎತ್ತಿಟ್ಟಿರುತ್ತೀಯ ಎಂದು ನಾನು ಬಿಟ್ಟಿದ್ದೆ. ನಿನ್ನ ಸಾಲುಗಳ ಪಕ್ಕದಲ್ಲಿ ನೋಡಿದರೆ, ‘ಇದನ್ನ ಗಿರಿಜಾ ನೋಡ್ಕೊಳ್ತಾಳೆ’ ಎಂದು ನನ್ನ ಹೆಸರು ಹಾಕಿದ ಟಿಪ್ಪಣಿ. ನನ್ನ ಸಬ್‌ರುಟೀನು ಆ ಸಂಖ್ಯೆಯ ಮೇಲೆಯೇ ತನ್ನದನ್ನು ಬರೆದುಕೊಳ್ಳುತ್ತಿತ್ತು. ಎರಡು ಸಾಲಿನ ಕೆಲಸ ಅಕ್ಕಾ. ಯಾರಾದರೂ ಒಂದು ಮಾತು ಕೇಳಿದ್ದರೆ...

ಆಮೇಲೆ ನನಗೆ ಕೂರಲಾಗಲಿಲ್ಲ. ಆ ಗುರುವಾರ ಸಂಜೆ ನಾಯಂಡಹಳ್ಳಿ ಮೆಟ್ರೋ ಸ್ಟೇಷನ್ನಿನಿಂದ ನೀನು ಫೋನ್ ಮಾಡಿದ್ದೆ. ‘ಎದೆ ಉರೀತಾ ಇದೆ ಕಣೇ, ಎಡಗೈನೂ ನೋಯ್ತಿದೆ. ಗ್ಯಾಸ್ ಇರ್ಬೇಕು ಬಿಡು’ ಎಂದೆ. ಭಾವನಿಗೆ ಹೇಳಿರುತ್ತಾಳೆ, ಅವರು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ ಅಂದುಕೊಂಡು ಸುಮ್ಮನಾದೆ. ಬೆಳಗಾಗುವಷ್ಟರಲ್ಲಿ ನೀನು... ಆ ಫೋನಿನ ವಿಷಯ ಯಾರಿಗೂ ಹೇಳಲಿಲ್ಲ. ಒಂದು ಸೂಚನೆಯನ್ನೂ ಕೊಡದೆ ಹೋದಳು ಎಂದು ಎಲ್ಲರೂ ಅಂದಾಗ ನಾನೂ ತಲೆಯಾಡಿಸಿದೆ. ಆಗೆಲ್ಲ ನೀನು ನನ್ನ ಬೆನ್ನ ಹಿಂದೆಯೇ ನಿಂತು ಕೇಳಿಸಿಕೊಳ್ಳುತ್ತಿದ್ದೀಯ ಅನ್ನಿಸುತ್ತಿತ್ತು. ಈಗಲೂ ತಿರುಗಿ ನೋಡಲು ಭಯ.

ಅಷ್ಟರಲ್ಲಿ ಭಾವ ಕಾಫಿ ತಂದಿಟ್ಟರು. ಎಲ್ಲವನ್ನೂ ಹೇಳಿಬಿಟ್ಟೆ. ಬೈಯಲಿ, ಇನ್ನು ಈ ಮನೆಗೆ ಬರಬೇಡ ಅನ್ನಲಿ ಎಂದು ಕಾದೆ. ಅವರು ನನ್ನೆದುರು ಕುರ್ಚಿ ಎಳೆದುಕೊಂಡು ಕೂತರು.

‘ನಂಗೂ ಹೇಳಿದ್ಲು. ಗಿರಿಜಾ ಹತ್ರ ಮಾತಾಡಿದೀನಿ ಅಂದ್ಲು. ನೀನು ಬಂದು ಕರ್ಕೊಂಡು ಹೋಗ್ತೀಯ ಅಂತ ನಾನು ಮಲ್ಕೊಂಡ್ಬಿಟ್ಟೆ ಕಣಮ್ಮ.’

ಅಂದರೆ ನೀನು ಇಬ್ಬರಿಗೂ ಹೇಳಿದ್ದೆ. ಇಬ್ಬರಲ್ಲಿ ಒಬ್ಬರಾದರೂ ‘ನಡಿ, ತೋರಿಸ್ಕೊಂಡು ಬರೋಣ’ ಅನ್ನುತ್ತಾರೆ ಅಂತ ಕಾದಿದ್ದೆಯಾ ಅಕ್ಕಾ?

ನಿನ್ನ,
ಗಿರಿಜಾ