ಚಂಚಿಯೊಳಗಿನ ಕುರಿಮರಿ

ನಿಪ್ಪಾಣಿ,
೨೦-೧೧-೧೯೮೮

ಪ್ರೀತಿಯ ಅಜ್ಜಾ,

ಕಾಗದ ಬರೆದದ್ದಕ್ಕೆ ಮೊದಲೇ ಸಾರಿ. ‘ಕಾಗದ ಬಂತಂದ್ರ ಯಾರ್ ಹೋದ್ರೋ ಅಂತ ಎದಿ ಡವಡವ ಅಂತೈತಿ’ ಎನ್ನುವವನು ನೀನು. ಯಾರೂ ಹೋಗಿಲ್ಲ. ನಾನೂ ಆರಾಮ ಇದ್ದೇನೆ. ನಿನ್ನ ಮೊಣಕಾಲು ಹೇಗಿದೆ? ಹೊಳೆದಂಡೆಯ ಥಂಡಿಯಲ್ಲಿ ಎರಡು ಕಂಬಳಿ ಹೊದೆಯುತ್ತೀಯಲ್ಲ? ಧರೆಪ್ಪ ಕಾಕಾ, ಅಜ್ಜ ಸಂತೆಗೆ ಬಂದಾಗ ಇದನ್ನು ಓದಿ ಹೇಳುವವರು ನೀವೇ. ದಯವಿಟ್ಟು ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ, ಮೆಲ್ಲಗೆ ಓದಿರಿ.

ಅಜ್ಜಾ, ನಿನ್ನ ಎಲೆ-ಅಡಿಕೆ ಚಂಚಿಯಲ್ಲಿ ಅರಿವೆ ಸುತ್ತಿಟ್ಟಿರುವುದು ಅಜ್ಜಿಯ ಸರದ ಬಂಗಾರದ ಬಿಲ್ಲೆಯಲ್ಲ, ಕಮಲದ ಚಿತ್ರವಿರುವ ಹಳೆಯ ಹಿತ್ತಾಳೆ ಇಪ್ಪತ್ತು ಪೈಸೆ. ದೀಪಾವಳಿ ರಜೆಗೆ ಬಂದಾಗ ಬದಲಿಸಿದವಳು ನಾನು. ನನ್ನ ರೂಮ್‌ಮೇಟ್ ಸಕ್ಕುಬಾಯಿಯ ಸೋದರಮಾವ ಬಾಬಾಸಾಹೇಬರು ಇಲ್ಲಿ ತಂಬಾಕಿನ ವ್ಯಾಪಾರಿ. ಮೂವತ್ತು ವರ್ಷದಿಂದ ಜರ್ಮನಿಯ ಹಳೆಯ ಬಂಗಾರದ ನಾಣ್ಯ ಕೂಡಿಸುತ್ತಿದ್ದಾರೆ. ರಜೆಗೆ ಮೊದಲು ಅವರ ಪುಸ್ತಕದಲ್ಲಿ ಒಂದು ಚಿತ್ರ ನೋಡಿದೆ: ಭೂಗೋಳದ ಮೇಲೆ ನಿಂತ ಕುರಿಮರಿ, ಜೊತೆಗೊಂದು ಬಾವುಟ. ಇದು ನಮ್ಮ ಅಜ್ಜನ ಹತ್ತಿರ ಇದೆ ಅಂದುಬಿಟ್ಟೆ. ಸಕ್ಕು ನಕ್ಕಳು, ‘ಕುರಿ ಕಾಯೋರ ಮನ್ಯಾಗ ಜರ್ಮನಿ ಬಂಗಾರ ಎಲ್ಲಿಂದ ಬಂತ ಬೇ?’ ಆ ಒಂದು ಮಾತಿಗೆ ನಾನು ಕಳ್ಳಿಯಾದೆ.

ಮೊನ್ನೆ ಬಿಲ್ಲೆಯನ್ನು ತೋರಿಸಿದೆ. ಸಾಹೇಬರು ಅಂಚನ್ನಷ್ಟೇ ಹಿಡಿದು, ಲೆನ್ಸ್ ಇಟ್ಟು, ಚಹಾ ಆರುವವರೆಗೆ ನೋಡಿದರು. ನ್ಯೂರೆಂಬರ್ಗ್ ಎಂಬ ಊರಿನವರು ಸುಮಾರು ಮುನ್ನೂರು ವರ್ಷದ ಹಿಂದೆ ಹೊಡೆಸಿದ್ದಂತೆ, ಖರೇ ನಾಣ್ಯವಂತೆ. ಸಕ್ಕುವಿನ ಮುಖ ನೋಡಬೇಕಿತ್ತು ನೀನು. ಆಮೇಲೆ ಅವರು, ‘ಮರಿ ಮೈಮ್ಯಾಲಿನ ಉಣ್ಣಿ ಎಲ್ಲಿ ಹೋತವಾ?’ ಎಂದರು. ಚಿತ್ರದ ಮರಿಗೆ ಸುರುಳಿ ಸುರುಳಿ ಉಣ್ಣೆ, ನಮ್ಮದು ನುಣ್ಣಗೆ. ನಮ್ಮ ಮಂದೆಯಲ್ಲಿ ವರ್ಷಕ್ಕೆ ಮೊದಲು ಹುಟ್ಟುವ ಮರಿಯ ಹಣೆಗೆ ಮುಟ್ಟಿಸುವ ಮುನ್ನ ನೀನು ಬಿಲ್ಲೆಯನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುವುದನ್ನು ಹೇಳಿದೆ. ತಲೆ ಹಿಡಿದುಕೊಂಡರು. ಆಮೇಲೆ ನಗತೊಡಗಿದರು: ‘ಉಣ್ಣಿ ಕತ್ತರಿಸಿದ ನಾಣ್ಯ ಇದೊಂದ ನೋಡೇನಿ.’

ಕೊಡುತ್ತೀಯಾ ಎಂದು ಕೇಳಿದರು. ನನ್ನದಲ್ಲ ಅಂದೆ. ಹಾಗೆ ಅಂದಾಗಲೇ ನಾನು ಮಾಡಿದ್ದು ಎಂಥದ್ದು ಎಂದು ತಿಳಿಯಿತು. ಅವರು ಮತ್ತೆ ಕೇಳಲಿಲ್ಲ. ತಮ್ಮ ನಾಣ್ಯಗಳನ್ನಿಡುವಂಥದ್ದೇ ಒಂದು ಪುಟ್ಟ ಲಕೋಟೆ ಕೊಟ್ಟು, ‘ಅಜ್ಜಗ ಹೇಳು, ಸುಣ್ಣ-ತಂಬಾಕದ ಜೋಡಿ ಇಡಬ್ಯಾಡ ಅಂತ’ ಎಂದರು. ಅಂದಿನಿಂದ ಕೆಮಿಸ್ಟ್ರಿ ಪುಸ್ತಕ ತೆರೆದರೂ ಒಂದೇ ಹೆದರಿಕೆ: ಮೊದಲ ಮರಿ ಹುಟ್ಟಿ, ನಿನ್ನ ಮಂಜುಗಣ್ಣಿಗೆ ಗೊತ್ತಾಗದೆ ಇಪ್ಪತ್ತು ಪೈಸೆ ಮುಟ್ಟಿಸಿಬಿಟ್ಟರೆ? ಅಜ್ಜಿ ಇಷ್ಟು ವರ್ಷ ಕಾಯ್ದ ಪದ್ಧತಿ ನನ್ನ ಜಂಬಕ್ಕೆ ಕೆಟ್ಟರೆ? ಬೇಕಾದಷ್ಟು ಬೈ, ಮಾತು ಮಾತ್ರ ಬಿಡಬೇಡ.

ನಿನ್ನ ಪಾದಕ್ಕೂ, ಗಬ್ಬದ ಕುರಿಗಳೆಲ್ಲದಕ್ಕೂ ನನ್ನ ನಮಸ್ಕಾರ.

ನಿನ್ನ ಮೊಮ್ಮಗಳು,
ಸಾವಿತ್ರಿ

ತಾ.ಕ.: ಬರುವ ಶನಿವಾರ ಮಧ್ಯಾಹ್ನದ ಬಸ್ಸಿಗೆ ಬಿಲ್ಲೆ ತರುತ್ತೇನೆ. ಅಷ್ಟರೊಳಗೆ ಮರಿ ಹುಟ್ಟಿದರೆ ಅದರ ಹಣೆ ಹಾಗೇ ಇರಲಿ, ನಾನು ಬಂದು ಮರಿಯನ್ನು ಎತ್ತಿ ಹಿಡಿಯುತ್ತೇನೆ, ನೀನು ಮುಟ್ಟಿಸು. ಹುಣಸೆಹಣ್ಣು ಬೇಡ, ಹಾಲಲ್ಲಿ ಅದ್ದಿದರೆ ಸಾಕು. ಮಂದೆ ಈಗ ಅಂಕಲಿಯ ಕಡೆ ಇದೆಯೋ ಯಡೂರಿನ ಕಡೆಯೋ, ಯಾರ ಹೊಲದಲ್ಲಿ ಎಂದು ಧರೆಪ್ಪ ಕಾಕಾನ ಕೈಯಲ್ಲಿ ಒಂದು ಕಾರ್ಡು ಬರೆಸಿ ಬೇಗ ಹಾಕಿಸು.