ನಲವತ್ತೊಂದನೇ ಪುಟದ ಗಂಟು

ಉತ್ತರದ ಗೇಟಿನ ಕಾವಲು ಕೋಣೆ
ಶನಿವಾರ, ಫೆಬ್ರವರಿ 22

ಪ್ರೀತಿಯ ತಮ್ಮ ಕೊಕ್ಕರೆಗೆ,

ಹೇಗಿದ್ದೀಯೋ? ಬೆನ್ನುನೋವು ಕಮ್ಮಿ ಆಯ್ತಾ? ದಿನವಿಡೀ ಕುರ್ಚಿಗೆ ಅಂಟಿಕೊಂಡು ಕೂತರೆ ಬೆನ್ನು ತಾನೇ ಏನು ಮಾಡೀತು ಪಾಪ. ಆ ಉದ್ದ ಕಾಲುಗಳನ್ನು ಮೇಜಿನ ಕೆಳಗೆ ಮಡಚಿಡೋದರಲ್ಲೇ ನಿನ್ನ ಅರ್ಧ ಆಯುಷ್ಯ ಕಳೀತು. ಸಂಜೆ ಹೊತ್ತು ಸ್ವಲ್ಪ ನಡಿ. ನಿನ್ನ ಹೆಂಡತಿ ಆರಾಮಾ? ಮಗಳು ಬರೆದು ಕಳಿಸಿದ ಹಕ್ಕಿ ಚಿತ್ರ ತಲುಪಿತು. ಮೂರು ಕಾಲಿದ್ದರೂ ಲಕ್ಷಣವಾಗಿದೆ, ರಿಜಿಸ್ಟರಿನ ಮೇಲ್ಗಡೆ ಗೋಡೆಗೆ ಅಂಟಿಸಿದ್ದೀನಿ. ನಾನು ಗಟ್ಟಿಯಾಗಿದ್ದೀನಿ. ಮೊಣಕಾಲು ಆಗಾಗ ತಕರಾರು ಮಾಡುತ್ತೆ, ದೋಣಿ ಹತ್ತಿಸಿದರೆ ಸುಮ್ಮನಾಗುತ್ತೆ.

ಕ್ಷೇಮಸಮಾಚಾರ ಇಲ್ಲಿಗೆ ಮುಗೀತು. ಇನ್ನು ಮುಂದಿರೋದು ಬರೀ ಬೈಗುಳ, ಬಾಗಿಲು ಹಾಕಿಕೊಂಡು ಓದು.

ಚಿಕ್ಕಮ್ಮನ ಮೇಲೆ ಕೇಸು ಹಾಕಿದ್ದಾರೆ. ನಮ್ಮ ಚಿಕ್ಕಮ್ಮನ ಮೇಲೆ ಕಣೋ. ಅಮ್ಮ ಹೋದ ಮೇಲೆ ಚಾಪೆ ಹೆಣೆದು ಹೆಣೆದು ನಮ್ಮಿಬ್ಬರ ಹೊಟ್ಟೆ ತುಂಬಿಸಿದವಳ ಮೇಲೆ. ಮೂರು ವಾರದ ಹಿಂದೆ, ಬೆಳಗಿನ ಜಾವ, ಬೇಲಿ ಹಾಕಿದ ಕೆರೆಯ ಒಳಗೆ ಹಳೇ ಕಾಲುವೆ ಹತ್ತಿರ ಹೊಸ ಗಸ್ತಿನವರು ಅವಳನ್ನು ಹಿಡಿದರು. ಕೈಯಲ್ಲಿ ಕುಡುಗೋಲು, ಪಕ್ಕದಲ್ಲಿ ಒಂದು ಹೊರೆ ಜೊಂಡು. ಅಷ್ಟೇ ಆಗಿದ್ದರೆ ಒಂದು ಎಚ್ಚರಿಕೆ ಕೊಟ್ಟು ಮನೆಗೆ ಕಳಿಸುತ್ತಿದ್ದರು. ಆದರೆ ಅವರು ಹೋದಾಗ ಅವಳು ಮೂರು ಜೊಂಡು ಸೇರಿಸಿ ಗಂಟು ಹಾಕುತ್ತಾ ನಿಂತಿದ್ದಳಂತೆ. ಎರಡು ಮಾರು ಆಚೆಗೆ ಬಕದ ಗೂಡು, ಅದರಲ್ಲಿ ಮೂರು ಮೊಟ್ಟೆ. ಸಂರಕ್ಷಿತ ಹಕ್ಕಿಗೆ ಉರುಲು ಹಾಕಿದಳು ಅಂತ ಬರೆದುಕೊಂಡರು. ಮೂರು ವರ್ಷದವರೆಗೂ ಒಳಗೆ ಹಾಕಬಹುದಂತೆ. ಅವಳಿಗೆ ಅರವತ್ತೆಂಟು.

ಉರುಲು ಅಂತೆ! ನಗಬೇಕೋ ಅಳಬೇಕೋ ಹೇಳು. ಆ ಗಂಟು ಏನು ಅಂತ ನಿನಗೆ ನಾನು ಹೇಳಿಕೊಡಬೇಕಾ? ಜೊಂಡು ಕೊಯ್ಯುವಾಗ ಗೂಡು ಕಣ್ಣಿಗೆ ಬಿದ್ದರೆ ಕುಡುಗೋಲು ಕೆಳಗಿಡಬೇಕು, ಪಕ್ಕದ ಮೂರು ಜೊಂಡು ಹಿಡಿದು ತಲೆಮಟ್ಟಕ್ಕೆ ಗಂಟು ಹಾಕಬೇಕು, ಆಮೇಲೆ ಮರಿ ಹಾರೋವರೆಗೂ ಯಾವ ದೋಣಿಯೂ ಆ ಕಡೆ ಸುಳಿಯಬಾರದು. ಚಾಪೆಯವರ ಮನೆ ಮಕ್ಕಳು ಅಕ್ಷರಕ್ಕಿಂತ ಮುಂಚೆ ಕಲಿಯೋ ಪಾಠ ಅದು. ಏಳು ವರ್ಷದವನಿದ್ದಾಗ ನಿನ್ನ ಕೈಗೆ ಎಟುಕುತ್ತಿರಲಿಲ್ಲ ಅಂತ ಚಿಕ್ಕಮ್ಮ ನಿನ್ನನ್ನು ಸೊಂಟದ ಮೇಲೆ ಎತ್ತಿಕೊಂಡು ಗಂಟು ಹಾಕಿಸುತ್ತಿದ್ದಳು. ನೀನು ಹಾಕಿದ್ದು ಬಿಚ್ಚಿಹೋದರೆ ಮಾರನೇ ದಿನ ಹೋಗಿ ಅವಳೇ ಬಿಗಿದು ಬರುತ್ತಿದ್ದಳು, ನಿನಗೆ ಹೇಳುತ್ತಿರಲಿಲ್ಲ.

ಅಂಥ ಗಂಟು ಉರುಲು ಹೇಗಾಯಿತು ಅಂತ ಗಸ್ತಿನವರನ್ನು ಕೇಳಿದೆ. ಅವರ ಮೇಲೆ ಕೋಪ ಮಾಡಿಕೊಂಡು ಪ್ರಯೋಜನವಿಲ್ಲ, ಎಲ್ಲಾ ಹೊಸಬರು, ಬಕಕ್ಕೂ ಬಾತುಕೋಳಿಗೂ ವ್ಯತ್ಯಾಸ ಗೊತ್ತಿಲ್ಲ. ಪಕ್ಷಿಧಾಮದ ಸಾಹೇಬರ ಹತ್ತಿರ ಹೋಗಿ ಅಂದರು. ಸಾಹೇಬರು ಬೀರು ತೆಗೆದು, ಬೇಲಿ ಹಾಕೋಕೆ ಮುಂಚೆ ಈ ಕೆರೆಯ ಹಕ್ಕಿಗಳ ಬಗ್ಗೆ ನೀನು ಕೊಟ್ಟ ವರದಿ ಮೇಜಿನ ಮೇಲಿಟ್ಟರು. ನಲವತ್ತೊಂದನೇ ಪುಟ. ಬಣ್ಣದ ಫೋಟೋ, ಜೊಂಡಿನ ಗಂಟು, ಕೆಳಗೆ ಬರಹ: ಸ್ಥಳೀಯ ಚಾಪೆ ಹೆಣೆಯುವವರು ಗೂಡುಗಳ ಬಳಿ ಹಾಕುವ ಉರುಲು, ಇಂಥವು ಐವತ್ತೆರಡು ಸಿಕ್ಕಿವೆ, ಜೊಂಡು ಕೊಯ್ಯುವುದನ್ನು ಪೂರ್ತಿ ನಿಲ್ಲಿಸಬೇಕು. ಕೊನೇ ಪುಟದಲ್ಲಿ ನಿನ್ನ ಸಹಿ. ಸಾಹೇಬರು ನನ್ನ ಮುಖ ನೋಡಿದರು. ನಿಮ್ಮ ತಮ್ಮನಿಗಿಂತ ನಿಮಗೆ ಜಾಸ್ತಿ ಗೊತ್ತಾ ಅಂತ ಕೇಳಿದರು. ಕೊಕ್ಕರೆ, ನನ್ನ ಜನ್ಮದಲ್ಲಿ ಅಷ್ಟು ಅವಮಾನ ಆಗಿರಲಿಲ್ಲ.

ನನಗೆ ಗೊತ್ತು, ಫೋಟೋ ತೆಗೆದವನು ನೀನಲ್ಲ. ಆ ವರ್ಷ ನಿನ್ನ ವಿದ್ಯಾರ್ಥಿಗಳು ಬಂದಿದ್ದರು, ದೊಡ್ಡ ಬೂಟು, ದೊಡ್ಡ ಕ್ಯಾಮೆರಾ. ಎರಡು ತಿಂಗಳು ಚಿಕ್ಕಮ್ಮನ ಜಗಲಿ ಮೇಲೇ ಕೂತು ಚಹಾ ಕುಡಿದರು, ಇದೇನು ಅಂತ ಒಂದು ಮಾತು ಅವಳನ್ನು ಕೇಳಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ, ಅವರು ಬರೆದರು, ನೀನು ಸಹಿ ಹಾಕಿದೆ. ಓದದೆ ಹಾಕಿದೆಯಾ, ಓದಿ ಹಾಕಿದೆಯಾ? ಮೂರು ವಾರದಿಂದ ನನ್ನ ನಿದ್ದೆ ಕೆಡಿಸಿರೋದು ಇದೊಂದೇ ಪ್ರಶ್ನೆ. ಓದದೆ ಹಾಕಿದ್ದರೆ ನೀನು ಸೋಮಾರಿ, ಕ್ಷಮಿಸುತ್ತೀನಿ. ಓದಿಯೂ, ಚಾಪೆಯವರ ಮನೆ ಹುಡುಗ ಅಂತ ಅಲ್ಲಿ ಯಾರಿಗೂ ಗೊತ್ತಾಗೋದು ಬೇಡ ಅಂತ ಸುಮ್ಮನಿದ್ದಿದ್ದರೆ, ಏನು ಹೇಳಬೇಕೋ ನನಗೆ ಗೊತ್ತಿಲ್ಲ.

ಸರಿ, ನಿನ್ನ ವರದಿಯಿಂದ ಹಕ್ಕಿಗಾದರೂ ಒಳ್ಳೇದಾಯಿತಾ? ಕೇಳು. ಬೇಲಿ ಹಾಕಿದ ವರ್ಷ ಅರವತ್ತೊಂದು ಗೂಡು. ಮರುವರ್ಷ ನಲವತ್ತು. ಹೋದ ವರ್ಷ ಹದಿನೇಳು. ಕೊಯ್ಯೋರಿಲ್ಲದೆ ಜೊಂಡು ಗೋಡೆ ಕಟ್ಟಿದ ಹಾಗೆ ಬೆಳೆದಿದೆ. ಕಾಲುವೆ ಮುಚ್ಚಿಹೋಗಿದೆ, ನೀರೇ ಕಾಣಲ್ಲ. ಬಕ ಮೀನು ಹಿಡಿಯೋದೆಲ್ಲಿ, ರೆಕ್ಕೆ ಬಿಚ್ಚಿ ಇಳಿಯೋದೆಲ್ಲಿ? ಮೇಲೆ ಎರಡು ಸುತ್ತು ಹಾಕಿ ಹೊರಟುಹೋಗುತ್ತವೆ. ಹತ್ತೊಂಬತ್ತು ವರ್ಷದಿಂದ ಒಂದೇ ಬಂಡೆ ಮೇಲೆ ನಿಂತು ಎಣಿಸುತ್ತಿದ್ದೀನಿ. ಗೂಡು ಕಮ್ಮಿ ಆಗ್ತಿರೋದು ಉರುಲಿನಿಂದ, ಚಾಪೆಯವರ ಕಳ್ಳತನದಿಂದ ಅಂತ ಸಾಹೇಬರು ಮೇಲಕ್ಕೆ ಬರೆದಿದ್ದಾರೆ. ಅವರಿಗೂ ಒಬ್ಬ ಕಳ್ಳ ಬೇಕಿತ್ತು, ಚಿಕ್ಕಮ್ಮ ಸಿಕ್ಕಿದಳು.

ಇನ್ನೊಂದು ವಿಷಯ. ಚಿಕ್ಕಮ್ಮ ಕೊಯ್ದು ಬಿಡಿಸಿದ್ದಳಲ್ಲ, ಆ ಕಾಲುವೆಯ ಇಪ್ಪತ್ತು ಮಾರು ಜಾಗ, ಅಲ್ಲಿ ಈ ಮೂರು ವಾರದಲ್ಲಿ ಹೊಸದಾಗಿ ನಾಲ್ಕು ಗೂಡು ಬಂದಿವೆ. ಕೆರೆಯ ಉಳಿದ ಭಾಗದಲ್ಲೆಲ್ಲಾ ಸೇರಿ ಎರಡು. ರಿಜಿಸ್ಟರಿನಲ್ಲಿ ಜಾಗದ ಸಮೇತ ಬರೆದಿದ್ದೆ. ಜಾಗ ಬರೆಯೋದು ಬೇಡ, ಒಟ್ಟು ಆರು ಅಂತ ಬರೆದರೆ ಸಾಕು ಅಂತ ಸಾಹೇಬರು ಹೇಳಿಕಳಿಸಿದರು. ನಾನು ಅಳಿಸಿಲ್ಲ, ಅಳಿಸೋದೂ ಇಲ್ಲ.

ಚಿಕ್ಕಮ್ಮ ಜಾಮೀನಿನ ಮೇಲೆ ಮನೆಯಲ್ಲಿದ್ದಾಳೆ. ಅರ್ಧ ಹೆಣೆದ ಚಾಪೆ ಜಗಲಿ ಮೇಲೆ ಹಾಗೇ ಬಿದ್ದಿದೆ, ಮುಟ್ಟುತ್ತಿಲ್ಲ. ಪ್ರತಿ ಸೋಮವಾರ ಠಾಣೆಗೆ ಹೋಗಿ ಬೆಂಚಿನ ಮೇಲೆ ಕೂತು ಬರುತ್ತಾಳೆ. ವರದಿಯ ವಿಷಯ ಅವಳಿಗೆ ಹೇಳಬಾರದು ಅಂತಿದ್ದೆ, ವಕೀಲರು ಓದಿ ಹೇಳಿಬಿಟ್ಟರು. ಸಹಿ ಯಾರದ್ದು ಅಂತ ಕೇಳಿದಳಂತೆ. ಆಮೇಲೆ, "ಅವನಿಗೆ ಮರೆತಿರಬೇಕು, ಪುಸ್ತಕ ಜಾಸ್ತಿ ಆಯ್ತು" ಅಂದಳಂತೆ. ನಿನ್ನ ಪರ ವಹಿಸಿಕೊಂಡು ಮಾತಾಡಿದಳು ಕಣೋ. ನನಗೆ ಅಳು ತಡೆಯಲಾಗಲಿಲ್ಲ.

ಬೈದದ್ದು ಸಾಕು. ನಿನ್ನ ಹೆಂಡತಿಗೆ ನನ್ನ ನೆನಪು ಹೇಳು. ಪುಟಾಣಿಗೆ ಒಂದು ಮುತ್ತು. ನಿನ್ನ ಮೇಲೆ ಎಷ್ಟೇ ಸಿಟ್ಟಿದ್ದರೂ ನೀನು ತಣ್ಣಗಿರು ಅಂತಲೇ ಬಾಯಲ್ಲಿ ಬರುತ್ತೆ, ಏನು ಮಾಡಲಿ.

ನಿನ್ನ ಅಕ್ಕ

ಮರೆತ ಮಾತು: ಮರೆತಿದ್ದೆ ಅನ್ನೋದು ಸುಳ್ಳು, ಮೇಲೆ ಬರೆಯೋಕೆ ಧೈರ್ಯ ಸಾಲಲಿಲ್ಲ. ಅಂಚೆಯವನು ಗೇಟಿನ ಹತ್ತಿರ ನಿಂತು ಬೆಲ್ಲು ಹೊಡೀತಿದ್ದಾನೆ. ಚಿಕ್ಕಮ್ಮನನ್ನು ಒಳಗೆ ಬಿಟ್ಟವಳು ನಾನು. ಈ ವರ್ಷವೂ ಬಕ ವಾಪಸ್ಸು ಹೋಗಿಬಿಡುತ್ತೆ ಅಂತ ಹೆದರಿ, ಕಾಲುವೆ ಒಂದಿಷ್ಟು ಬಿಡಿಸಿಕೊಡು ಅಂತ ನಾನೇ ಕೇಳಿಕೊಂಡೆ, ನನ್ನ ಕೀಲಿಯಿಂದಲೇ ಗೇಟು ತೆಗೆದೆ. ಬೇಲಿ ನುಸುಳಿ ಬಂದೆ, ಚಾಪೆಗೆ ಕದ್ದೆ ಅಂತ ಅವಳು ಪೊಲೀಸರಿಗೆ ಹೇಳಿದ್ದಾಳೆ. ನನ್ನ ಹೆಸರು ಎತ್ತಿಲ್ಲ, ನಾನೂ ಮೂರು ವಾರ ಬಾಯಿ ಬಿಡಲಿಲ್ಲ. ನಿನ್ನನ್ನು ಅಷ್ಟುದ್ದ ಬೈದೆನಲ್ಲ, ನಾನೂ ನಿನ್ನ ಅಕ್ಕನೇ. ಬರೋ ಗುರುವಾರ ಹತ್ತೂವರೆಗೆ ವಿಚಾರಣೆ. ಅಲ್ಲಿ ಎದ್ದು ನಿಂತು ಎಲ್ಲಾ ಹೇಳುತ್ತೀನಿ. ಆ ಕ್ಷಣಕ್ಕೆ ನನ್ನ ಕೆಲಸ ಹೋಗುತ್ತೆ, ಕೆಲಸ ಹೋದವಳು ಗಂಟಿನ ಬಗ್ಗೆ ಏನು ಹೇಳಿದರೂ ಯಾರೂ ನಂಬಲ್ಲ. ನಿನ್ನನ್ನು ನಂಬುತ್ತಾರೆ. ಕಾಗದ ಕಳಿಸಬೇಡ, ನೀನೇ ಬಾ. ಬಂದು, "ಆ ಗಂಟು ಹಾಕೋದನ್ನು ನನಗೆ ಕಲಿಸಿದವಳು ಇವಳೇ" ಅಂತ ಅವರೆದುರು ಹೇಳು.